ಚೌಕಟ್ಟಿನ ಆಚೆ ಉಳಿದ ಬಜಾರು

ಜಾಕಿ ಚಾನ್ ಬೀಳುತ್ತಾನೆ, ಏಳುತ್ತಾನೆ, ಪೆಟ್ಟು ತಿಂದ ಮೊಣಕೈ ಉಜ್ಜಿಕೊಳ್ಳುತ್ತ ಮುಖ ಕಿವುಚುತ್ತಾನೆ, ಮತ್ತೆ ಓಡುತ್ತಾನೆ. ಜಗತ್ತಿನ ಯಾವ ಮೂಲೆಯಲ್ಲಿ ಕೂತು ನೋಡಿದರೂ ಜನ ನಗುವುದು ಅವನ ಈ ಆಟಕ್ಕೆ. ಹೊಸಪೇಟೆ, ಹಂಪಿ, ಕಮಲಾಪುರದ ಕಡೆಯವರು ‘ದಿ ಮಿಥ್’ ಚಿತ್ರ ನೋಡುವ ಬಗೆಯೇ ಬೇರೆ. ನಮ್ಮ ಕಣ್ಣು ನಾಯಕನ ಮೇಲೆ ನಿಲ್ಲುವುದಿಲ್ಲ, ಅವನ ಹೆಗಲಿನಾಚೆ ಹೋಗುತ್ತದೆ. “ಏ, ಇದು ನಮ್ಮ ಹೊಳಿ ನೋಡೋ”, “ಆ ಬಂಡಿ ಗುರ್ತು ಸಿಕ್ತೇನು?” ಎಂದು ಪಕ್ಕದವರ ತೋಳು ತಿವಿಯುತ್ತೇವೆ. ಹೊಡೆದಾಟ ಮುಗಿದು ಕಥೆ ಚೀನಾಕ್ಕೆ ಹಾರಿದ ಮೇಲೂ ನಾವು ಇನ್ನೂ ಹಂಪಿಯಲ್ಲೇ ಇರುತ್ತೇವೆ.

ಸ್ಟ್ಯಾನ್ಲಿ ಟಾಂಗ್ ನಿರ್ದೇಶಿಸಿದ ಈ ಚಿತ್ರ ತೆರೆಗೆ ಬಂದದ್ದು 2005ರಲ್ಲಿ. ಜಾಕಿ ಚಾನ್‌ಗೆ ಇಲ್ಲಿ ಎರಡು ಬಾಳು. ಕನಸಿನಲ್ಲಿ ಅವನು ಎರಡು ಸಾವಿರ ವರ್ಷ ಹಿಂದಿನ ಚಿನ್ ವಂಶದ ಸೇನಾಪತಿ ಮೆಂಗ್ ಯಿ. ಎಚ್ಚರದಲ್ಲಿ ಹಳೆಯ ಕಾಲದ ಬೆನ್ನು ಹತ್ತಿದ ಪ್ರಾಚ್ಯಶೋಧಕ ಜಾಕ್. ಆ ಶೋಧವೇ ಅವನನ್ನು ಭಾರತಕ್ಕೆ ಕರೆತರುತ್ತದೆ. ಹಂಪಿಯಲ್ಲಿ ಕ್ಯಾಮೆರಾ ಇಟ್ಟದ್ದು ಇದಕ್ಕಾಗಿ. ಜೊತೆಗೆ ಮಲ್ಲಿಕಾ ಶೆರಾವತ್ ಇದ್ದಾಳೆ. ಇಲಿ ಹಿಡಿಯುವ ಅಂಟಿನ ಪಟ್ಟಿಯ ಮೇಲೆ ಇಬ್ಬರೂ ಸಿಕ್ಕಿಕೊಂಡು, ಕಾಲು ಕಿತ್ತರೆ ಕೈ ಅಂಟಿ, ಕೈ ಕಿತ್ತರೆ ಬಟ್ಟೆ ಅಂಟಿ ಒದ್ದಾಡುವ ಹೊಡೆದಾಟವನ್ನು ನೆನೆಸಿಕೊಂಡು ಮಕ್ಕಳು ಇಂದಿಗೂ ಹೊಟ್ಟೆ ಹಿಡಿದು ನಗುತ್ತಾರೆ.

ಆ ಚಿತ್ರದ ಹಂಪಿ ಬಂಡೆ, ಹೊಳೆ ಮತ್ತು ಕಲ್ಲಿನ ಹಂಪಿ. ನನಗೆ ಅದು ಮುಖ್ಯವಾಗುವುದು ಚೌಕಟ್ಟಿನಿಂದ ಹತ್ತು ಮಾರು ಆಚೆ ಏನಿತ್ತು ಎಂಬುದರಿಂದ. ಕ್ಯಾಮೆರಾ ಓಡುತ್ತಿದ್ದ ಆ ದಿನಗಳಲ್ಲಿ ವಿರೂಪಾಕ್ಷನ ಗುಡಿಯ ಎದುರಿನ ಬಜಾರಿನಲ್ಲಿ ಜನ ಬಾಳುತ್ತಿದ್ದರು. ಒಲೆ ಉರಿಯುತ್ತಿತ್ತು, ಚಹಾ ಕುದಿಯುತ್ತಿತ್ತು, ಮಕ್ಕಳು ಶಾಲೆಗೆ ಹೊರಡುತ್ತಿದ್ದರು. ಚಿತ್ರ ತೆರೆಕಂಡ ಆರೇ ವರ್ಷಕ್ಕೆ ಆ ಬಾಳು ಅಲ್ಲಿಂದ ಎದ್ದುಹೋಯಿತು.

ನಗೆಚಿತ್ರಗಳಿಗೆ ಬೀದಿ ಬೇಕು

ಅಳುವ ದೃಶ್ಯಕ್ಕೆ ಒಂದು ಕೋಣೆ ಸಾಕು. ನಗಿಸುವುದಕ್ಕೆ ಬೀದಿ ಬೇಕು. ಓಡುವವನಿಗೆ ಸಂದಿ ಬೇಕು, ಬೆನ್ನಟ್ಟುವವನಿಗೆ ಅಡ್ಡ ಬರಲು ತರಕಾರಿ ಗಾಡಿ ಬೇಕು, ಬೈಯಲು ಬಾಗಿಲಲ್ಲಿ ಒಬ್ಬ ಅಜ್ಜಿ ಬೇಕು. ಹಾಗಾಗಿ ಊರಿನ ಮೈಯನ್ನು ಹೆಚ್ಚು ಉಳಿಸಿಕೊಟ್ಟ ಚಿತ್ರಗಳಲ್ಲಿ ನಗೆಚಿತ್ರಗಳದು ದೊಡ್ಡ ಪಾಲು. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ 1990ರಲ್ಲಿ ಬಂದಾಗ ನಾವೆಲ್ಲ ಅನಂತನಾಗ್ ಮತ್ತು ಮುಖ್ಯಮಂತ್ರಿ ಚಂದ್ರು ಅವರ ಜಗಳಕ್ಕೆ ನಕ್ಕೆವು. ಇಂದು ಅದೇ ಚಿತ್ರ ನೋಡಿದರೆ ಬೆಂಗಳೂರಿನ ವಠಾರವೇ ಮೊದಲು ಕಣ್ಣಿಗೆ ಬೀಳುತ್ತದೆ. ಎದುರುಬದುರು ಬಾಗಿಲು, ಎಲ್ಲರಿಗೂ ಸೇರಿದ ಅಂಗಳ, ಗುಟ್ಟು ನಿಲ್ಲದ ಗೋಡೆ ಎಲ್ಲವೂ ಅಲ್ಲಿವೆ. ವಠಾರಗಳು ಹೋದವು. ಆ ಜಗಳ ಮಾತ್ರ ಟಿವಿಯಲ್ಲಿ ಬರುತ್ತಲೇ ಇದೆ.

ಅಮೆರಿಕದಲ್ಲಿ ಇದನ್ನೇ ಒಬ್ಬರು ಬಾಳಿನ ಕೆಲಸವಾಗಿ ಮಾಡಿಕೊಂಡರು. ಬಸ್ಟರ್ ಕೀಟನ್‌ನ ಮೂಕಿ ನಗೆಚಿತ್ರಗಳನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಿ, ಹಿಂದೆ ಕಾಣುವ ಕಟ್ಟಡ, ಅಂಗಡಿ ಫಲಕ, ಬೀದಿಯ ತಿರುವು ಯಾವುದೆಂದು ಹಳೆಯ ನಕಾಶೆಗಳೊಂದಿಗೆ ತಾಳೆ ಹಾಕಿದವರು ಜಾನ್ ಬೆಂಗ್ಟ್‌ಸನ್. ಅವರ ಮೊದಲ ಪುಸ್ತಕ ಬಂದದ್ದು 2000ದಲ್ಲಿ. ಲಾಸ್ ಏಂಜಲೀಸ್‌ನ ಬಂಕರ್ ಹಿಲ್ ಎಂಬ ಹಳೆಯ ವಸತಿ ನೆಲಸಮವಾಗಿ ದಶಕಗಳಾಗಿವೆ. ಅದರ ಮೆಟ್ಟಿಲು, ಇಳಿಜಾರು, ಮರದ ಮನೆಗಳು ಮೂಕಿ ಚಿತ್ರಗಳ ಬೆನ್ನಟ್ಟುವ ದೃಶ್ಯಗಳಲ್ಲಿ ಉಳಿದಿವೆ. ಚಾಪ್ಲಿನ್, ಕೀಟನ್, ಹೆರಾಲ್ಡ್ ಲಾಯ್ಡ್ ಮೂವರೂ ಓಡಿದ ಹಾಲಿವುಡ್‌ನ ಒಂದು ಸಂದಿಗೆ ಈಗ ಆ ಮೂವರ ಹೆಸರೇ ಇದೆ. ನಗಿಸಲು ತೆಗೆದ ಚಿತ್ರ ಒಂದು ಊರಿನ ಕಡತವಾಗುವುದು ಹೀಗೆ.

ಬಜಾರಿನ ಬೆಳಗು

ಹಂಪಿ ಬಜಾರನ್ನು ಈಗ ನೋಡುವವರಿಗೆ ಅದೊಂದು ಅಗಲವಾದ, ಗುಡಿಸಿಟ್ಟ, ಖಾಲಿ ಬೀದಿ. ಗೋಪುರದಿಂದ ಹೊರಟರೆ ಮತಂಗ ಬೆಟ್ಟದ ಬುಡದಲ್ಲಿ ಕೂತ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರು ನೇರ ದಾರಿ, ಎರಡೂ ಕಡೆ ಕಲ್ಲುಮಂಟಪಗಳ ಸಾಲು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಮುತ್ತು, ಬಟ್ಟೆ ಎಲ್ಲವೂ ಮಾರಾಟಕ್ಕಿದ್ದುದನ್ನು ಬರೆದಿಟ್ಟಿದ್ದಾನೆ. ಆ ವೈಭವದ ಬಜಾರನ್ನು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ನಾನು ಹೇಳುವುದು ಅದಾಗಿ ಐದು ಶತಮಾನದ ನಂತರದ, ಚಹಾ ಮತ್ತು ಚಪ್ಪಲಿಯ ಬಜಾರನ್ನು.

ಹೊಸಪೇಟೆಯಿಂದ ಹದಿಮೂರು ಕಿಲೋಮೀಟರು. ಮೊದಲ ಬಸ್ಸು ಬಜಾರಿನ ಬಾಯಿಗೇ ತಂದು ಇಳಿಸುತ್ತಿತ್ತು. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಬಾಳೆಗೊನೆ ಇಳಿದ ಮೇಲೆ ಜನ ಇಳಿಯುತ್ತಿದ್ದರು. ಅಷ್ಟರಲ್ಲಿ ಗುಡಿಯ ಆನೆ ಹೊಳೆಗೆ ಸ್ನಾನಕ್ಕೆ ಹೊರಟಿರುತ್ತಿತ್ತು. ಅದರ ಹಿಂದೆ ಹಲ್ಲುಜ್ಜುತ್ತಲೇ ಓಡುವ ಹುಡುಗರು. ಬಿಸಿಲು ಮೊದಲು ಗೋಪುರದ ತುದಿಗೆ ಹತ್ತಿ, ಒಂದೊಂದೇ ಅಂತಸ್ತು ಇಳಿದು ಬೀದಿಗೆ ಬರುವ ಹೊತ್ತಿಗೆ ಬಾಣಲೆಯಲ್ಲಿ ಮಿರ್ಚಿ ಬಿದ್ದಿರುತ್ತಿತ್ತು. ಈ ಸೀಮೆಯಲ್ಲಿ ಬೆಳಗಿನ ನಾಷ್ಟಾ ಎಂದರೆ ಒಗ್ಗರಣೆ ಮತ್ತು ಮಿರ್ಚಿ. ನೆನೆಸಿದ ಮಂಡಾಳಿಗೆ ಈರುಳ್ಳಿ, ಹಸಿಮೆಣಸು, ಅರಿಶಿನ ಬಿದ್ದ ವಾಸನೆ ಕರ್ಪೂರದ ವಾಸನೆಯ ಜೊತೆ ಬೆರೆತು ಬೀದಿಯುದ್ದಕ್ಕೂ ಹರಡುತ್ತಿತ್ತು.

ಒಂದು ಮಂಟಪ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮುಂದಿನ ಸಾಲಿನ ಎರಡು ಕಂಬಗಳ ನಡುವೆ ಮಣ್ಣು, ಇಟ್ಟಿಗೆ ಸೇರಿಸಿ ಗೋಡೆ ಏರಿಸಿ, ನೀಲಿ ಸುಣ್ಣ ಬಳಿದಿದ್ದರು. ಬಾಗಿಲ ಹೊಸ್ತಿಲಿಗೆ ಅರಿಶಿನ ಕುಂಕುಮ, ಎದುರಿಗೆ ರಂಗೋಲಿ. ಒಳಗೆ ಹೋದರೆ ಹಗಲಲ್ಲೂ ತಂಪು. ಕಂಬದ ಕೆತ್ತನೆಯ ಹನುಮಂತನಿಗೆ ದಿನವೂ ಎಣ್ಣೆ ಬಿದ್ದು ಮೈ ಕಪ್ಪಾಗಿ ಹೊಳೆಯುತ್ತಿತ್ತು. ಕಲ್ಲಿನ ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ಕಟ್ಟಿದ್ದರು. ಕೂತವರು ತಲೆಮಾರುಗಳಿಂದ ಬೆನ್ನು ಆನಿಸಿದ ಕಡೆ ಕಂಬ ನುಣುಪಾಗಿತ್ತು. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಶುರುವಾಗುವ ಆ ನುಣುಪನ್ನು ಮುಟ್ಟಿ ನೋಡಿದರೆ ಕೈಗೆ ತಿಳಿಯುತ್ತಿತ್ತು. ಒಲೆಯ ಮೇಲಿನ ಚಪ್ಪಡಿಯಲ್ಲಿ ಮಸಿ ಹೆಪ್ಪುಗಟ್ಟಿತ್ತು. ಪ್ರಾಚ್ಯಶಾಸ್ತ್ರದ ಲೆಕ್ಕದಲ್ಲಿ ಅದು ಕಲ್ಲಿಗೆ ಹತ್ತಿದ ಕೊಳೆ. ಆ ಮನೆಯವರ ಲೆಕ್ಕದಲ್ಲಿ ಅಜ್ಜಿಯ ಕಾಲದಿಂದ ಬೆಂದ ಅನ್ನದ ಗುರುತು.

ಮಧ್ಯಾಹ್ನದ ಬಜಾರು ಪರದೇಶಿಗಳದು. ಬಾಡಿಗೆ ಸೈಕಲ್ಲುಗಳು, ಹಿತ್ತಾಳೆ ದೀಪಗಳು, ಲಂಬಾಣಿ ಹೆಂಗಸರು ಕನ್ನಡಿ ಚೂರು ಹೊಲಿದ ಚೀಲಗಳು. ಇಸ್ರೇಲಿನ ಹುಡುಗ ಹುಡುಗಿಯರಿಗೆಂದು ಹೀಬ್ರೂ ಅಕ್ಷರದಲ್ಲಿ ಬರೆದ ತಿಂಡಿ ಪಟ್ಟಿ. ಶಾಲೆಯ ಮೆಟ್ಟಿಲು ಪೂರ್ತಿ ಹತ್ತದ ಹುಡುಗರು ನಾಲ್ಕು ದೇಶದ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದರು. ಹೊಳೆಯ ದಂಡೆಗೆ ಬಾಳೆತೋಟದ ನಡುವೆ ನಡೆದುಹೋದರೆ ಮಾವಿನ ಮರದಡಿ ಒಂದು ಹೋಟೆಲು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಟ್ಟೆಗಳ ಮೇಲೆ ಚಾಪೆ ಹಾಸಿ ಕೂತರೆ ಎದುರಿಗೆ ತುಂಗಭದ್ರೆ. ಸಂಜೆ ಗೋಪುರದ ದೀಪ ಹತ್ತಿದ ಮೇಲೆ ಬೀದಿ ಮತ್ತೆ ಊರವರ ಕೈಗೆ ಬರುತ್ತಿತ್ತು. ಜಗಲಿಯ ಹರಟೆ, ಟಿವಿಯ ಸದ್ದು, ಮಂಟಪದ ಮೇಲಿಂದ ಇಣುಕುವ ಕೋತಿ. ಚೈತ್ರದ ಜಾತ್ರೆಯಲ್ಲಿ ತೇರು ಎಳೆಯುವಾಗ ಇದೇ ಮನೆಗಳ ಮಾಳಿಗೆ ತುಂಬ ನೆಂಟರು. ತೇರು ಮನೆ ಮುಂದೆ ಬಂದಾಗ ಬಾಳೆಹಣ್ಣು ಎಸೆದು ಕೈಮುಗಿಯುವವರಿಗೆ, ದೇವರೇ ತಮ್ಮ ಬಾಗಿಲಿಗೆ ಬಂದನೆಂಬ ಹೆಮ್ಮೆ.

ಈ ಬಾಳಿನಿಂದ ಸ್ಮಾರಕಕ್ಕೆ ಧಕ್ಕೆಯಾಗಿದ್ದೂ ನಿಜ. ಕಲ್ಲು ಕೊರೆದು ಮೊಳೆ ಹೊಡೆದಿದ್ದರು, ಮಂಟಪದ ಮೇಲೆ ಕಾಂಕ್ರೀಟು ಏರಿತ್ತು, ಚರಂಡಿ ನೀರು ಹೊಳೆಗೆ ಹೋಗುತ್ತಿತ್ತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿದ್ದು, 2006ರವರೆಗೂ ಅಲ್ಲೇ ಇತ್ತು. ಕಾಪಾಡುವ ಹೊಣೆಗೆ ಪ್ರಾಧಿಕಾರ ಬಂತು, ಯೋಜನೆ ಬಂತು, ನ್ಯಾಯಾಲಯದ ಮಾತೂ ಬಂತು. ಕಡೆಗೆ 2011ರ ಜುಲೈ 29ರಂದು ಬೆಳಗ್ಗೆ ಜೆಸಿಬಿ ಬಂತು. ಜನರಿಗೆ ಸಿಕ್ಕಿದ್ದು ಒಂದು ರಾತ್ರಿಯ ಸಮಯ. ಕಂಬಗಳ ನಡುವಿನ ಗೋಡೆಗಳು ಬಿದ್ದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬಜಾರು ಬಿಟ್ಟವು. ಹೊಸಪೇಟೆ ದಾರಿಯ ಕಡ್ಡಿರಾಂಪುರದಲ್ಲಿ ಅವರಿಗೆ ನಿವೇಶನ ತೋರಿಸಿದರು. ಅಲ್ಲಿ ಮನೆ ಎದ್ದಿರಬಹುದು. ಬಾಗಿಲು ತೆರೆದರೆ ಗೋಪುರ ಕಾಣುವ ಭಾಗ್ಯ ಅಲ್ಲಿಗೆ ಹೋಗಲಿಲ್ಲ.

‘ದಿ ಮಿಥ್’ನ ಜಾಕ್, ಹಳೆಯ ವಸ್ತುಗಳನ್ನು ಅವು ಇದ್ದ ಜಾಗದಿಂದ ಕಿತ್ತೊಯ್ಯುವವರ ಮೇಲೆ ಸಿಟ್ಟಾಗುವ ಮನುಷ್ಯ. ಆ ಸಿಟ್ಟು ನನಗೆ ಬಹಳ ಹಿಡಿಸುತ್ತದೆ. ಕಲ್ಲಿಗೊಂದು ಜಾಗ ಇದೆ ಎಂದು ಒಪ್ಪಿದ ಮೇಲೆ, ಆ ಕಲ್ಲಿಗೆ ಬೆನ್ನಾನಿಸಿ ಬೆಳೆದವರಿಗೂ ಒಂದು ಜಾಗ ಇದೆ ಎಂದು ಒಪ್ಪಬೇಕಾಗುತ್ತದೆ.

ಗುಡಿಯೊಳಗಿನ ಬೆಳಕಿನಾಟ

ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹಂಪಿಯಲ್ಲಿ ಬೆಳಕಿನಿಂದ ಚಿತ್ರ ಮೂಡುತ್ತಿತ್ತು. ವಿರೂಪಾಕ್ಷ ಗುಡಿಯ ಹಿಂಬದಿಯ ಒಂದು ಕತ್ತಲ ಕೋಣೆಗೆ ಹೋದರೆ ಗೋಡೆಯ ಮೇಲೆ ದೊಡ್ಡ ಗೋಪುರ ತಲೆಕೆಳಗಾಗಿ ಇಳಿಬಿದ್ದಿರುತ್ತದೆ. ಎದುರಿನ ಗೋಡೆಯ ಸಣ್ಣ ಕಿಂಡಿಯೇ ಇದರ ಗುಟ್ಟು. ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿಯಲ್ಲಿ ಕೆಳಗೆ ಹಾಯುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ ಹಾಯುತ್ತದೆ. ಹಾಗಾಗಿ ಬಿಂಬ ತಿರುಗಿ ಬೀಳುತ್ತದೆ. ಸೂಜಿಕಿಂಡಿ ಕ್ಯಾಮೆರಾ ಕೆಲಸ ಮಾಡುವುದು ಇದೇ ನಿಯಮದಿಂದ.

ಹೊರಗಿನಿಂದ ಬಂದವರು ಅದನ್ನು ಒಂದು ಕ್ಷಣ ನೋಡಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬಜಾರಿನ ಮಕ್ಕಳಿಗೆ ಅದು ರಜೆಯ ಆಟವಾಗಿತ್ತು. ಹೊತ್ತು ಸರಿದಂತೆ ಬಿಂಬ ಬದಲಾಗುವುದು, ಮೋಡ ಹಾಯ್ದರೆ ಅಳಿಸಿಹೋಗುವುದು, ಮತ್ತೆ ಬಿಸಿಲಿಗೆ ಮೂಡುವುದು ಅವರಿಗೆ ಬಾಯಿಪಾಠ. ಮುಂದೆ ಅದೇ ಮಕ್ಕಳು ಜಾಕಿ ಚಾನ್‌ನ ಚಿತ್ರ ನೋಡಿ ತಮ್ಮ ಊರನ್ನು ಹುಡುಕಿಕೊಳ್ಳುವಂತಾಯಿತು.

ಹೊಳೆಯ ಆಚೆ

ವಿರೂಪಾಕ್ಷನ ಬೆನ್ನಿಗೇ ತುಂಗಭದ್ರೆ. ಆಚೆ ದಡಕ್ಕೆ ಹೋಗಲು ಪುಟ್ಟಿ, ಅಂದರೆ ಬಿದಿರು ಹೆಣೆದು ಹೊರಮೈಗೆ ಡಾಂಬರು ಮೆತ್ತಿದ ದುಂಡನೆಯ ಹರಿಗೋಲು. ಹಿಂದಿನ ಕಾಲದಲ್ಲಿ ಅದಕ್ಕೆ ತೊಗಲು ಹೊದಿಸುತ್ತಿದ್ದರು. ಒಂದೇ ಹುಟ್ಟು ಹಾಕುವ ಅಂಬಿಗ ನೀರಿನ ಸೆಳೆತದ ಜೊತೆ ಜಗಳವಾಡುವುದಿಲ್ಲ. ಮೊದಲು ದಂಡೆಗುಂಟ ಮೇಲಕ್ಕೆ ಹೋಗಿ, ಆಮೇಲೆ ಓರೆಯಾಗಿ ಬಿಡುತ್ತಾನೆ. ಹೊಳೆ ತಾನೇ ಪುಟ್ಟಿಯನ್ನು ಸರಿಯಾದ ಮೆಟ್ಟಿಲಿಗೆ ಮುಟ್ಟಿಸುತ್ತದೆ. ಆಡು, ಸೈಕಲ್ಲು, ಮೋಟಾರು ಬೈಕು, ಹೊಸ ಮದುಮಗಳು ಎಲ್ಲರಿಗೂ ಅದೇ ವಾಹನ.

ತಳವಾರಘಟ್ಟದಿಂದ ಆಚೆ ದಡದ ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟಿದ್ದು, ಹಂಪಿ ಅಪಾಯದ ಪಟ್ಟಿಗೆ ಬೀಳಲು ಒಂದು ಕಾರಣವಾಗಿತ್ತು. ವರ್ಷಗಟ್ಟಲೆ ನಿಂತು, ಮತ್ತೆ ಶುರುವಾದ ಆ ಸೇತುವೆ 2009ರ ಜನವರಿ 22ರಂದು ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಬುಕ್ಕಸಾಗರದ ಬಳಿ ಕಡೇಬಾಗಿಲಿಗೆ ಬೇರೆ ಸೇತುವೆ ಬಂದ ಮೇಲೆ ಆನೆಗೊಂದಿಯ ದಾರಿ ಸಲೀಸಾಯಿತು. ದಾಟುವ ಪುಟ್ಟಿ ಮೆಲ್ಲಗೆ ಸುತ್ತು ಹಾಕಿಸುವ ಪುಟ್ಟಿಯಾಯಿತು. ಈಗ ಪ್ರವಾಸಿಗರನ್ನು ಕೂರಿಸಿ ಗಿರಗಿರನೆ ತಿರುಗಿಸುತ್ತಾರೆ. ಹಂಪಿಯ ಎದುರಿಗಿದ್ದ ವಿರೂಪಾಪುರ ಗಡ್ಡೆಯ ಗುಡಿಸಲು ಹೋಟೆಲುಗಳೂ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ನೆಲಸಮವಾದವು. ಭತ್ತದ ಗದ್ದೆಯ ಅಂಚಿನಲ್ಲಿ ಹಾಡು, ಹರಟೆ, ಜೋಲಿಗಳೊಂದಿಗೆ ಬೆಳೆದಿದ್ದ ಆ ಇನ್ನೊಂದು ಹಂಪಿಯೂ ಈಗ ಫೋಟೊ ಮತ್ತು ವಿಡಿಯೊಗಳಲ್ಲಿ ಮಾತ್ರ ಇದೆ.

ಸಂಡೂರಿನ ಗುಡ್ಡ

ಹಂಪಿಯಂತೆಯೇ ಚಿತ್ರದಲ್ಲಿ ಉಳಿದ ನಮ್ಮ ಸೀಮೆಯ ಸಂಡೂರಿನ ಮಾತು ಬಂದರೆ ನಗೆಚಿತ್ರ ಬಿಟ್ಟು ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ಕ್ಕೆ ಬರಬೇಕು. ಎಂಬತ್ತರ ದಶಕದ ಆರಂಭದ ಈ ಚಿತ್ರದಲ್ಲಿ ಮನೋವೈದ್ಯನಾಗಿ ಶ್ರೀನಾಥ್, ಬುದ್ಧಿ ಸ್ಥಿಮಿತ ತಪ್ಪಿದ ಹುಡುಗಿಯಾಗಿ ಪದ್ಮಾ ವಾಸಂತಿ. ಕಥೆ ನಡೆಯುವುದು ಸಂಡೂರಿನ ಗಣಿ ಸೀಮೆಯಲ್ಲಿ. ಹಾಡುಗಳು ನಾಡಿಗೆಲ್ಲ ಗೊತ್ತು. ಸಂಡೂರಿನವರಿಗೆ ಆ ಹಾಡುಗಳ ಹಿಂದಿನ ಗುಡ್ಡವೂ ಗೊತ್ತು.

ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂಬ ಮಾತು ಗಾಂಧೀಜಿಯ ಹೆಸರಿನಲ್ಲಿ ಊರಲ್ಲಿ ಓಡಾಡುತ್ತದೆ. ಗಾಂಧೀಜಿ ಬಂದದ್ದು 1934ರಲ್ಲಿ. ಮಳೆ ಹೊಯ್ದು ನಿಂತ ಆ ತಿಂಗಳಲ್ಲಿ ಬಳ್ಳಾರಿಯ ಬೆಂಗಾಡಿನ ನಡುವೆ ಈ ಕಣಿವೆ ಹಸಿರಿನ ಬಟ್ಟಲು. ನಾರಿಹಳ್ಳ ತುಂಬಿರುತ್ತದೆ, ಕುಮಾರಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿರುತ್ತದೆ. ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿದ್ದ ಊರಿದು. ಅದೇ ಮನೆತನದ ಎಂ.ವೈ. ಘೋರ್ಪಡೆ ರಾಜಕಾರಣಿಯಾದಷ್ಟೇ ಒಳ್ಳೆಯ ಕಾಡುಪ್ರಾಣಿ ಛಾಯಾಗ್ರಾಹಕರೂ ಆಗಿದ್ದರು.

ಈ ಶತಮಾನದ ಮೊದಲ ದಶಕದಲ್ಲಿ ಚೀನಾದಿಂದ ಅದಿರಿಗೆ ಬೇಡಿಕೆ ಬಂದಾಗ ಇಲ್ಲಿನ ಗುಡ್ಡಗಳ ನೆತ್ತಿಯೇ ಹೋಯಿತು. ಸಂಡೂರು, ಹೊಸಪೇಟೆ ದಾರಿಯಲ್ಲಿ ರಾತ್ರಿ ಹಗಲು ಲಾರಿಗಳ ಸಾಲು. ಬೇವಿನ ಎಲೆ, ಹತ್ತಿಯ ಕಾಯಿ, ಹೋಟೆಲಿನ ಇಡ್ಲಿ, ಶಾಲೆಯ ಬಿಳಿ ಅಂಗಿ ಎಲ್ಲವೂ ಕೆಂಪು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂದ ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಆದೇಶದ ದಿನ 2011ರ ಜುಲೈ 29. ಹಂಪಿಯ ಬಜಾರಿಗೆ ಜೆಸಿಬಿ ಬಂದದ್ದೂ ಅಂದೇ. ಅಗೆಯಬಾರದ ಗುಡ್ಡದಿಂದ ಯಂತ್ರ ಕೆಳಗಿಳಿಯಲು ಆಜ್ಞೆಯಾದ ದಿನವೇ, ಬಾಳುತ್ತಿದ್ದ ಬೀದಿಗೆ ಇನ್ನೊಂದು ಯಂತ್ರ ನುಗ್ಗಿತು. ನಮ್ಮ ಸೀಮೆಯ ನೆನಪಿನಲ್ಲಿ ಆ ಒಂದು ದಿನ ಎರಡು ಗುರುತುಗಳೊಂದಿಗೆ ಕೂತಿದೆ.

ಗಣಿಗಾರಿಕೆ ನಿಯಮಗಳ ಅಡಿಯಲ್ಲಿ ಮತ್ತೆ ಶುರುವಾಯಿತು. ಕಡಿದ ಗುಡ್ಡದ ನೆತ್ತಿ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಸಂಡೂರಿನ ಹಳಬರು ‘ಮಾನಸ ಸರೋವರ’ ನೋಡುವಾಗ ಹಾಡಿನ ಮಧ್ಯೆ ಮಾತು ನಿಲ್ಲಿಸಿ ಗುಡ್ಡದ ಸಾಲಿನ ಮೇಲೆ ಕಣ್ಣು ನೆಡುತ್ತಾರೆ.

ಟೆಂಟು, ಕಬ್ಬಿನ ಗಾಡಿ, ಸೈರನ್ನು

ಕಂಪಿಲರಾಯ, ಕುಮಾರರಾಮರ ಕಥೆಯ ಕಂಪ್ಲಿ ಇಂದಿಗೂ ಭತ್ತ ಮತ್ತು ಹೊಳೆಯ ಊರು. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗುತ್ತದೆ, ಗಂಗಾವತಿಯ ದಾರಿ ಕಡಿಯುತ್ತದೆ, ದಂಡೆಯ ಮೇಲೆ ಊರಿಗೆ ಊರೇ ನಿಂತು ನೀರು ನೋಡುತ್ತದೆ. ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಬಯಲುಗಳಿಗೆ ಟೂರಿಂಗ್ ಟಾಕೀಸು ಬರುತ್ತಿದ್ದ ಕಾಲವೊಂದಿತ್ತು. ಗಂಟಲಸಾಲರ ‘ನಮೋ ವೆಂಕಟೇಶ’ ಧ್ವನಿವರ್ಧಕದಲ್ಲಿ ಕೇಳಿದರೆ ಹೊಲದಲ್ಲಿದ್ದವರು ಹೆಜ್ಜೆ ಚುರುಕು ಮಾಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ನೆಲದವರು ಮರಳನ್ನೇ ಗುಡ್ಡೆ ಮಾಡಿಕೊಂಡು ದಿಂಬಾಗಿಸಿ ಮಲಗಿ ನೋಡುತ್ತಿದ್ದರು. ನರಸಿಂಹರಾಜು ತೆರೆಗೆ ಬಂದು ಹಲ್ಲು ತೋರಿಸಿದರೆ ಸಾಕು, ಅವನು ಮಾತಾಡುವ ಮೊದಲೇ ಟೆಂಟು ಅಲ್ಲಾಡುವಂತೆ ನಗು. ರೀಲು ಬದಲಿಸುವ ಹೊತ್ತಿನಲ್ಲಿ ಶೇಂಗಾದ ವಾಸನೆ, ಬೀಡಿಯ ಹೊಗೆ, ಮಗುವಿನ ಅಳು. ಟೆಂಟು ಎದ್ದುಹೋದ ಬಯಲಿನಲ್ಲಿ ಈಗ ಬಡಾವಣೆ.

ಹೊಸಪೇಟೆಗೆ ಆಗ ಎರಡು ಗಡಿಯಾರ. ಒಂದು ಸಕ್ಕರೆ ಕಾರ್ಖಾನೆಯ ಸೈರನ್ನು, ಇನ್ನೊಂದು ಟಾಕೀಸಿನ ಗಂಟೆ. ಚಳಿಗಾಲದಲ್ಲಿ ಚಿತ್ತವಾಡ್ಗಿ ಕಡೆಗೆ ಕಬ್ಬಿನ ಎತ್ತಿನಗಾಡಿಗಳ ಸಾಲು ಊರ ನಡುವೆಯೇ ಹಾಯುತ್ತಿತ್ತು. ಹಿಂದಿನಿಂದ ಕಬ್ಬು ಎಳೆದುಕೊಂಡು ಓಡುವುದು ಏಳುಕೇರಿಯ ಹುಡುಗರಿಗೆ ಹುಟ್ಟಿನಿಂದ ಬಂದ ಹಕ್ಕು. ಗಾಡಿಯವನು ಬೈದರೂ ಚಾವಟಿ ಬೀಸುತ್ತಿದ್ದುದು ಗಾಳಿಗೆ ಮಾತ್ರ. ಕಾಕಂಬಿಯ ಸಿಹಿ ಕಮಟು ವಾಸನೆ ರಾತ್ರಿ ಕಿಟಕಿಯಿಂದ ಮನೆಯೊಳಗೆ ಬರುತ್ತಿತ್ತು. ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಇನ್ನೂ ಹರಿಯುತ್ತಿವೆ, ಕಬ್ಬು ಇನ್ನೂ ಬೆಳೆಯುತ್ತದೆ. ಆ ಕಾರ್ಖಾನೆ ಬಾಗಿಲು ಹಾಕಿತು, ಕಬ್ಬು ಲಾರಿ ಹತ್ತಿ ದೂರದೂರಿಗೆ ಹೋಗುತ್ತಿದೆ.

ಅಣೆಕಟ್ಟೆಗಳಿಗೆ ಗೇಟು ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕೂಡ ಹೀಗೆಯೇ ಮುಚ್ಚಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಕೊಚ್ಚಿಹೋದಾಗ ಊರಿನ ಹಿರಿಯರ ಬಾಯಿಗೆ ಬಂದದ್ದು ಆ ಕಾರ್ಖಾನೆಯ ಹೆಸರು. ಬೆಸುಗೆಯ ಕಿಡಿ ಹಾರುತ್ತಿದ್ದ ಶೆಡ್ಡುಗಳು, ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹಿಂಡಾಗಿ ಬರುತ್ತಿದ್ದ ಕಾರ್ಮಿಕರು, ಅವರಿಗಾಗಿಯೇ ತೆರೆದಿರುತ್ತಿದ್ದ ಖಾನಾವಳಿಗಳು ಒಂದೊಂದಾಗಿ ಮಾತಿಗೆ ಬಂದವು. ಯಾವ ಚಿತ್ರದಲ್ಲೂ ಇಲ್ಲದ ಜಾಗಗಳಿವು.

ಹೆಸರು ಹೇಳುವವರು ಇರುವಾಗಲೇ

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನಿಕ ಅಧಿಕಾರಿ ಹಂಪಿಯ ಫೋಟೊಗಳನ್ನು ತೆಗೆದ. ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ ಚಿತ್ರ ಮೂಡಲು ಬೆಳಕು ಬಹಳ ಹೊತ್ತು ಬೀಳಬೇಕಿತ್ತು. ನಡೆದಾಡುವ ಮನುಷ್ಯ ಅದರಲ್ಲಿ ಅಚ್ಚಾಗುವುದಿಲ್ಲ, ಅಲುಗದ ಕಲ್ಲು ಅಚ್ಚಾಗುತ್ತದೆ. ಮುಂದೆ 1980ರಿಂದ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ವರ್ಷ ವರ್ಷವೂ ಬಂದು ಒಂದೊಂದು ಕಟ್ಟಡವನ್ನೂ ಅಳೆದರು. ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಜಾನ್ ಗಾಲಿಂಗ್ಸ್ ಮತ್ತೆ ಫೋಟೊ ತೆಗೆದರು. ಇವರೆಲ್ಲರ ಋಣ ನಮ್ಮ ಮೇಲಿದೆ. ಹಂಪಿಯ ಕಲ್ಲಿನ ಕಡತ ಇಂದು ಗಟ್ಟಿಯಾಗಿದೆ. ಜನರ ಕಡತ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಅದು ಮದುವೆ ಆಲ್ಬಮ್ಮುಗಳಲ್ಲಿ, ಪ್ರವಾಸಿಗರ ಹಳೆಯ ವಿಡಿಯೊಗಳಲ್ಲಿ, ನಗಿಸಲು ತೆಗೆದ ಸಿನಿಮಾಗಳ ಅಂಚಿನಲ್ಲಿ ಚೆದುರಿ ಬಿದ್ದಿದೆ.

ಹಂಪಿ ಹದಿನಾರನೆಯ ಶತಮಾನಕ್ಕೆ ಮುಗಿದುಹೋದ ಊರಲ್ಲ. ವಿಜಯನಗರ ಬಿದ್ದ 1565ರ ನಂತರವೂ ಇಲ್ಲಿ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ತೇರು ನಿಲ್ಲಲಿಲ್ಲ, ಕಾಲುವೆಯ ನೀರು ನಿಲ್ಲಲಿಲ್ಲ. ಮಂಟಪದೊಳಗೆ ತೊಟ್ಟಿಲು ಕಟ್ಟಿದವರು ಆ ನಿಲ್ಲದ ಬಾಳಿನ ಕೊನೆಯ ಕೊಂಡಿಯಾಗಿದ್ದರು. ಅರಸರ ಬಜಾರು ಇತಿಹಾಸವಾದರೆ, ಮಿರ್ಚಿ ಕರಿದವರ ಬಜಾರೂ ಇತಿಹಾಸವೇ. ಕಂಬಗಳ ನಡುವಿನ ಗೋಡೆ ಕೆಡವಿದವರು ಕಲ್ಲಿಗೆ ನ್ಯಾಯ ಮಾಡಿರಬಹುದು. ಕೆಡವುವ ಮೊದಲು ಪ್ರತಿ ಬಾಗಿಲಿನ ಮುಂದೆ ನಿಂತು ಒಂದು ಫೋಟೊ ತೆಗೆದು, ಮನೆಯವರ ಹೆಸರು ಬರೆದುಕೊಂಡಿದ್ದರೆ ಇತಿಹಾಸಕ್ಕೂ ನ್ಯಾಯ ಮಾಡಿದಂತಾಗುತ್ತಿತ್ತು.

ಆ ಕೆಲಸವನ್ನು ಈಗಲಾದರೂ ಮಾಡಬಹುದು. ವಿದ್ಯಾರಣ್ಯದಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಎಂ.ಪಿ. ಪ್ರಕಾಶರ ಮುತುವರ್ಜಿಯಿಂದ ಬೆಳೆದ ಹಂಪಿ ಉತ್ಸವವಿದೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ತನ್ನದೇ ನೆನಪಿನ ಮನೆ ಬೇಕಾಗಿದೆ. ಈ ನೆಲದಲ್ಲಿ ತೆಗೆದ ಚಿತ್ರಗಳನ್ನೆಲ್ಲ, ಕನ್ನಡ, ತೆಲುಗು, ಹಿಂದಿ, ಚೀನಿ ಎನ್ನದೆ, ಒಂದೆಡೆ ತರಿಸಬೇಕು. ಉತ್ಸವದ ದೊಡ್ಡ ವೇದಿಕೆಯಲ್ಲಿ ತಾರೆಯರು ಕುಣಿಯಲಿ. ಪಕ್ಕದ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ‘ದಿ ಮಿಥ್’ ಹಾಕಬೇಕು, ‘ಮಾನಸ ಸರೋವರ’ ಹಾಕಬೇಕು. ಮುಂದಿನ ಸಾಲಿನಲ್ಲಿ ಕಡ್ಡಿರಾಂಪುರದವರು ಕೂರಬೇಕು, ಸಂಡೂರಿನ ಗಣಿಯ ಹಳೆಯ ಕೂಲಿಕಾರರು, ಕಂಪ್ಲಿಯ ಅಂಬಿಗರು ಕೂರಬೇಕು. ಬೇಕಾದಲ್ಲಿ ಚಿತ್ರ ನಿಲ್ಲಿಸಿ ಅವರನ್ನು ಕೇಳಬೇಕು: ಈ ಬಂಡೆಯ ಹೆಸರೇನು, ಇದರ ಹಿಂದೆ ಯಾರ ಮನೆ ಇತ್ತು, ಈ ಘಟ್ಟದಲ್ಲಿ ಯಾವ ಪುಟ್ಟಿ ನಿಲ್ಲುತ್ತಿತ್ತು, ಈ ಗುಡ್ಡದ ತುದಿ ಆಗ ಎಲ್ಲಿಯವರೆಗೆ ಏರಿತ್ತು?

ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು, ಚಿತ್ರದ ಚೌಕಟ್ಟಿನ ಜೊತೆ ಸೇರಿಸಿಡಬೇಕು. ಬೆಂಗ್ಟ್‌ಸನ್‌ಗೆ ಲಾಸ್ ಏಂಜಲೀಸ್‌ನಲ್ಲಿ ಅಂಥ ಸಾಕ್ಷಿಗಳು ಹೆಚ್ಚು ಸಿಗಲಿಲ್ಲ. ಕೀಟನ್ ಓಡಿದ ಬೀದಿಗಳಲ್ಲಿ ಬಾಳಿದವರು ಆ ಹೊತ್ತಿಗೆ ತೀರಿಹೋಗಿದ್ದರು. ನಮ್ಮವರು ಇನ್ನೂ ಇದ್ದಾರೆ. ಬಜಾರು ಬಿಟ್ಟಾಗ ನಲವತ್ತಾಗಿದ್ದವರಿಗೆ ಈಗ ಐವತ್ತು ದಾಟಿದೆ. ಮಂಟಪ ಮಂಟಪಕ್ಕೂ ಯಾರ ಮನೆ, ಯಾರ ಅಂಗಡಿ ಎಂದು ತಡೆಯದೆ ಹೇಳಬಲ್ಲರು. ಕೇಳುವವರು ಹೋಗಬೇಕಾದದ್ದು ಈ ವರ್ಷವೇ.